ತಿಂಗಳು ತುಂಬದ ಕೂಸಿನ ಊಟದ ಲೆಕ್ಕ

ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುವಿಗೆ ಗರ್ಭದಲ್ಲೂ ಮೊದಲ ವಾರಗಳಲ್ಲೂ ಸಿಗುವ ಪೋಷಣೆ ಅದರ ಮಿದುಳು, ಹೃದಯ, ಮೂತ್ರಪಿಂಡಗಳ ಮೇಲೆ ಮುಂದಿನ ಐದಾರು ದಶಕಗಳವರೆಗೂ ಪ್ರಭಾವ ಬೀರುತ್ತದೆ. ಈ ಸತ್ಯ ಬೆಳಕಿಗೆ ಬರುವುದರಲ್ಲಿ ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳ ಪಾಲೂ ಇದೆ.

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ. ಎಂಟನೇ ತಿಂಗಳಲ್ಲೇ ಹೆರಿಗೆಯಾದ ಮನೆಯಲ್ಲಿ ಹಿರಿಯರೊಬ್ಬರು ಈ ಮಾತು ಆಡಿದರೆ ಸಾಕು, ಬಾಣಂತಿಯ ಅರ್ಧ ಜೀವ ಹೋಗುತ್ತದೆ. ವಾಸ್ತವ ಇದಕ್ಕೆ ತೀರಾ ತದ್ವಿರುದ್ಧ. ಗರ್ಭದಲ್ಲಿ ಹೆಚ್ಚುವರಿಯಾಗಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟು ತಿಂಗಳ ಕೂಸು ಏಳು ತಿಂಗಳದ್ದಕ್ಕಿಂತ ಗಟ್ಟಿ, ಒಂಬತ್ತು ತುಂಬಿದ್ದು ಅದಕ್ಕಿಂತಲೂ ಗಟ್ಟಿ. ಕಾರಣ ಸರಳ. ಆ ಕೊನೆಯ ವಾರಗಳಲ್ಲಿ ತಾಯಿಯ ಮೈ ಮಗುವಿನ ಮೈಗೆ ಬುತ್ತಿ ಕಟ್ಟುತ್ತಿರುತ್ತದೆ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಜನನ. ಹುಟ್ಟಿದಾಗ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಶಿಶು. ಒಂದೂವರೆ ಕಿಲೋಗಿಂತ ಕೆಳಗಿದ್ದರೆ ಅತಿ ಕಡಿಮೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಅವಧಿಗೆ ಮುನ್ನ ಹುಟ್ಟಿದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವುಗಳಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವು, ಬೇರಾವ ದೇಶದಲ್ಲೂ ಇಷ್ಟಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹುಟ್ಟುತೂಕ ದಾಖಲಾದ ನಮ್ಮ ಮಕ್ಕಳಲ್ಲಿ ಶೇ 18ರಷ್ಟು ಎರಡೂವರೆ ಕಿಲೋ ಮುಟ್ಟಿಲ್ಲ. ಇವರೆಲ್ಲರೂ ಬೇಗ ಹುಟ್ಟಿದವರಲ್ಲ. ನಮ್ಮಲ್ಲಿ ಇಂಥ ಬಹುಪಾಲು ಮಕ್ಕಳು ತಿಂಗಳು ತುಂಬಿಯೇ ಹುಟ್ಟುತ್ತಾರೆ, ಆದರೆ ಗರ್ಭದಲ್ಲಿ ಸಿಗಬೇಕಾದಷ್ಟು ಸಿಗದೆ ಸಣ್ಣಗೆ ಉಳಿದಿರುತ್ತಾರೆ. ಈ ಎರಡು ಬಗೆಯ ಮಕ್ಕಳಿಗೆ ಬೇಕಾದ ಆರೈಕೆ ಒಂದೇ ಅಲ್ಲ ಎಂಬುದನ್ನು ಮುಂದೆ ನೋಡೋಣ.

ಹೊರಡುವ ಹೊತ್ತಿಗೆ ಖಾಲಿ ಇದ್ದ ಉಗ್ರಾಣ

28 ವಾರದ ಭ್ರೂಣದ ತೂಕ ಸುಮಾರು ಒಂದು ಕಿಲೋ. ಅಲ್ಲಿಂದ 40ನೇ ವಾರದೊಳಗೆ ಅದು ಮೂರು ಪಟ್ಟು ಹತ್ತಿರ ಬೆಳೆಯುತ್ತದೆ. ಮಗುವಿನ ಮೂಳೆಗಳಿಗೆ ಬೇಕಾದ ಸುಣ್ಣ, ರಂಜಕಗಳಲ್ಲಿ ಸುಮಾರು ಶೇ 80ರಷ್ಟು ತಾಯಿಯಿಂದ ಹರಿದು ಬರುವುದು ಈ ಕೊನೆಯ ಮೂರು ತಿಂಗಳಲ್ಲೇ. ಕಬ್ಬಿಣಾಂಶದ ದಾಸ್ತಾನೂ ಹಾಗೆಯೇ. ಮೈ ಬೆಚ್ಚಗಿಡುವ ಕೊಬ್ಬು ಚರ್ಮದಡಿ ಸೇರುವುದೂ, ಮಿದುಳು ಹಾಗೂ ಕಣ್ಣಿನ ಬೆಳವಣಿಗೆಗೆ ಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಶೇಖರವಾಗುವುದೂ ಆಗಲೇ. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೂಪುಗೊಳ್ಳುವುದೂ ಈ ಅವಧಿಯಲ್ಲಿ. ಸುಮಾರು 36ನೇ ವಾರಕ್ಕೆ ಆ ಕೆಲಸ ಮುಗಿಯುತ್ತದೆ. ಬೇಗ ಹೊರಬಂದ ಮಗುವಿನಲ್ಲಿ ಅದು ಇನ್ನೂ ಕೆಲವು ವಾರ ನಡೆದು ನಿಂತುಹೋಗುತ್ತದೆ. ಆಮೇಲೆ ಆಯುಷ್ಯ ಪೂರ್ತಿ ಇದ್ದಷ್ಟರಲ್ಲೇ ಸಾಗಬೇಕು.

ಆದ್ದರಿಂದ ಒಂದು ಕಿಲೋ ತೂಕದ ಶಿಶು ಹೊರಬಂದಾಗ ಅದರ ಮೈಯ ಉಗ್ರಾಣ ಬಹುತೇಕ ಖಾಲಿ. ಹೊರಗಿನಿಂದ ಏನೂ ಸಿಗದಿದ್ದರೆ ಒಳಗಿರುವುದು ಕೆಲವೇ ದಿನಗಳಿಗೆ ಸಾಕು. ಅದೇ ವೇಳೆ ಅದು ಬೆಳೆಯಬೇಕಾದ ವೇಗ ಮನುಷ್ಯನ ಬದುಕಿನಲ್ಲಿ ಮತ್ತೆಂದೂ ಬರದಂಥದ್ದು: ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 20 ಗ್ರಾಂ. ಬೇಡಿಕೆ ಅತಿ ಹೆಚ್ಚು ಇರುವ ಹೊತ್ತಿಗೇ ಉಣ್ಣುವ ಶಕ್ತಿ ಅತಿ ಕಡಿಮೆ ಇರುತ್ತದೆ. ಅಕಾಲಿಕ ಶಿಶುವಿನ ಪೋಷಣೆಯ ಕಷ್ಟವೆಲ್ಲ ಇದೇ.

ಹದಿನಾರು ಮಿಲಿಲೀಟರ್ ಊಟ

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಂದಕ್ಕೊಂದು ಹೊಂದಿಸಿಕೊಳ್ಳುವುದನ್ನು ಶಿಶು ಕಲಿಯುವುದು 32–34 ವಾರಗಳ ಹೊತ್ತಿಗೆ. ಅದಕ್ಕೂ ಮುನ್ನ ಹುಟ್ಟಿದ್ದರೆ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಹಾಲು ಕೊಡುತ್ತಾರೆ. ಸ್ವಲ್ಪ ಬಲಿತ ಮೇಲೆ ಒಳಲೆ ಅಥವಾ ಬಟ್ಟಲು. ಅಲ್ಲಿಂದ ಮೊಲೆಗೆ. ಬಾಟಲಿಗೆ ಇಲ್ಲಿ ಜಾಗವಿಲ್ಲ. ಅಜ್ಜಿಯರ ಕಾಲದ ಒಳಲೆಯೇ ಇಂದು ನವಜಾತ ಶಿಶು ಘಟಕಗಳಲ್ಲಿ ದಾದಿಯರ ನೆಚ್ಚಿನ ಸಾಧನ. ತೊಳೆಯುವುದು ಸುಲಭ, ಕುದಿಸುವುದು ಸುಲಭ, ಮಗುವಿಗೆ ಆಯಾಸವೂ ಕಡಿಮೆ.

ಪ್ರಮಾಣದ ಅಂದಾಜು ಸಿಗಲು ಒಂದು ಲೆಕ್ಕ ನೋಡಿ. ಪೂರ್ಣ ಆಹಾರ ತಲುಪಿದ ಶಿಶುವಿಗೆ ದಿನಕ್ಕೆ ಕಿಲೋಗೆ ಸುಮಾರು 160 ಮಿಲಿಲೀಟರ್ ಹಾಲು ಬೇಕು. ಮಗುವಿನ ತೂಕ 1,200 ಗ್ರಾಂ ಎಂದಿಟ್ಟುಕೊಂಡರೆ ಇಡೀ ದಿನಕ್ಕೆ 192 ಮಿಲಿಲೀಟರ್. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 16 ಮಿಲಿಲೀಟರ್, ಅಂದರೆ ಮೂರು ಚಹಾ ಚಮಚದಷ್ಟು. ಮೊದಲ ದಿನ ಅಷ್ಟೂ ಇಲ್ಲ. ಕೆಲವೇ ಹನಿಗಳಿಂದ ಆರಂಭಿಸಿ, ಕರುಳು ತಾಳಿಕೊಳ್ಳುವುದನ್ನು ನೋಡಿಕೊಂಡು, ದಿನದಿಂದ ದಿನಕ್ಕೆ ಏರಿಸುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಆ ಮಧ್ಯಂತರದಲ್ಲಿ ಗ್ಲುಕೋಸ್, ಅಮೈನೋ ಆಮ್ಲ, ಕೊಬ್ಬುಗಳನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ.

ಆ ಮೊದಲ ಹನಿಗಳು ಯಾವುವು ಎಂಬುದು ಬಹಳ ಮುಖ್ಯ. ಹೆರಿಗೆಯಾದ ತಕ್ಷಣ ಬರುವ ಹಳದಿ ಬಣ್ಣದ ದಪ್ಪ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಗೆಗೆ ಜೇನು, ಬೆಲ್ಲದ ನೀರು, ಬಜೆ ತೇಯ್ದದ್ದನ್ನು ಸವರುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ತಿಂಗಳು ತುಂಬಿದ ಮಗುವಿಗೇ ಇದು ಹಾನಿಕರ. ತುಂಬದ ಮಗುವಿಗಂತೂ ಜೀವಕ್ಕೇ ಅಪಾಯ. ಆ ಹಳದಿ ಹಾಲಿನಲ್ಲಿ ರೋಗನಿರೋಧಕ ಅಂಶಗಳು ಕಿಕ್ಕಿರಿದಿರುತ್ತವೆ. ಹಸಿ ಕರುಳಿನ ಗೋಡೆಗೆ ಅದೇ ಮೊದಲ ಕಾವಲು. ಅವಧಿಗೆ ಮುನ್ನ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೊಟೀನ್ ಹಾಗೂ ಸೋಡಿಯಂ ಹೆಚ್ಚಾಗಿಯೇ ಇರುತ್ತವೆ. ತನ್ನ ಮಗು ಬೇಗ ಬಂದಿದೆ ಎಂಬುದು ಆಕೆಯ ಮೈಗೆ ಗೊತ್ತಿರುವಂತೆ.

ತಾಯಿಯ ಹಾಲೇ ಮೊದಲು, ಅದಕ್ಕೊಂದು ಪುಷ್ಟಿ

ಅಕಾಲಿಕ ಶಿಶುಗಳ ಕರುಳನ್ನು ಕೊಳೆಸುವ ಒಂದು ಭೀಕರ ಉರಿಯೂತವಿದೆ. ವೈದ್ಯರು ಅದನ್ನು ಎನ್‌ಇಸಿ ಎನ್ನುತ್ತಾರೆ. ಚೆನ್ನಾಗಿಯೇ ಇದ್ದ ಮಗುವಿನ ಹೊಟ್ಟೆ ಒಮ್ಮೆಲೆ ಉಬ್ಬಿ, ಗಂಟೆಗಳಲ್ಲಿ ಜೀವ ತೆಗೆಯಬಲ್ಲ ಕಾಯಿಲೆ ಅದು. 1990ರಲ್ಲಿ ಬ್ರಿಟನ್ನಿನ ಅಲನ್ ಲೂಕಸ್ ಹಾಗೂ ಟಿಮ್ ಕೋಲ್ 926 ಅಕಾಲಿಕ ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಬರೀ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಈ ಕಾಯಿಲೆ ಎದೆಹಾಲು ಮಾತ್ರ ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು. ಎದೆಹಾಲಿನ ಪರವಾಗಿ ಇದಕ್ಕಿಂತ ಬಲವಾದ ಮಾತು ಬೇಕಿಲ್ಲ.

ಆದರೆ ಇಲ್ಲೊಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಅತಿ ಸಣ್ಣ ಶಿಶುವಿಗೆ ದಿನಕ್ಕೆ ಕಿಲೋಗೆ ಸುಮಾರು ಮೂರೂವರೆಯಿಂದ ನಾಲ್ಕು ಗ್ರಾಂ ಪ್ರೊಟೀನ್ ಬೇಕು. ಕೆಲವು ವಾರ ಕಳೆದ ಮೇಲೆ ತಾಯಿಯ ಹಾಲಿನಲ್ಲಿ ನೂರು ಮಿಲಿಲೀಟರ್‌ಗೆ ಇರುವುದು ಹೆಚ್ಚುಕಡಿಮೆ ಒಂದು ಗ್ರಾಂ. ಆ 160 ಮಿಲಿಲೀಟರ್ ಪೂರ್ತಿ ಕುಡಿದರೂ ಬೇಕಾದ್ದರಲ್ಲಿ ಅರ್ಧವೇ ಸಿಗುತ್ತದೆ. ಸುಣ್ಣ, ರಂಜಕಗಳೂ ಸಾಲವು. ಹಾಗೆಯೇ ಬಿಟ್ಟರೆ ಮೂಳೆ ಮೆತ್ತಗಾಗುತ್ತದೆ, ತಲೆಯ ಸುತ್ತಳತೆ ಹಿಂದೆ ಬೀಳುತ್ತದೆ. ಇದಕ್ಕೆ ಪರಿಹಾರ ತಾಯಿಯ ಹಾಲನ್ನು ಬಿಡಿಸುವುದಲ್ಲ, ಅದಕ್ಕೇ ಪುಷ್ಟಿ ಸೇರಿಸುವುದು. ಪ್ರೊಟೀನ್, ಖನಿಜ, ಜೀವಸತ್ವಗಳಿರುವ ಹುಡಿಯನ್ನು ಹಿಂಡಿ ತೆಗೆದ ಹಾಲಿಗೆ ಅಳತೆಯಂತೆ ಬೆರೆಸಿ ಕೊಡುತ್ತಾರೆ. ಒಂದೂವರೆ ಕಿಲೋಗಿಂತ ಕೆಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಇದು ಬೇಕಾಗುತ್ತದೆ. ಯಾರಿಗೆ, ಯಾವಾಗ, ಎಷ್ಟು ದಿನ ಎಂಬುದನ್ನು ನಿರ್ಧರಿಸಬೇಕಾದವರು ಶಿಶುತಜ್ಞರು. ಔಷಧದ ಅಂಗಡಿಯಿಂದ ತಂದು ಮನೆಯಲ್ಲಿ ಬೆರೆಸುವ ವಸ್ತು ಅದಲ್ಲ.

ತಾಯಿಗೆ ಹಾಲು ಬಾರದಿದ್ದರೆ, ಅಥವಾ ಆಕೆ ತೀವ್ರ ನಿಗಾ ಘಟಕದಲ್ಲಿದ್ದರೆ? ಆಗ ಎರಡನೇ ಆಯ್ಕೆ ಇನ್ನೊಬ್ಬ ತಾಯಿ ದಾನ ಮಾಡಿದ ಹಾಲು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಈಗ ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿ ಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳಿಗೂ ಈ ಸೌಲಭ್ಯ ಬಂದಿದೆ. ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಇವೆರಡೂ ಸಿಗದಾಗ ಮಾತ್ರ ಮೂರನೆಯದಾಗಿ ಡಬ್ಬಿ ಹಾಲು. ಡಬ್ಬಿ ಹಾಲಿನ ಜಾಹೀರಾತು, ಆಸ್ಪತ್ರೆಗಳಲ್ಲಿ ಅದರ ಪ್ರಚಾರವನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ ಎಂಬುದು ಪ್ರತಿ ಪೋಷಕರಿಗೂ ಗೊತ್ತಿರಬೇಕು.

ತಾಯಿಯ ಹಾಲು ಹರಿಯುವಂತೆ ಮಾಡುವುದರಲ್ಲಿ ಅಪ್ಪುಗೆಯ ಆರೈಕೆಯ ಪಾತ್ರ ದೊಡ್ಡದು. ಮಗುವನ್ನು ತಾಯಿಯ ಬರಿ ಎದೆಗೆ ಅವುಚಿ ಕಟ್ಟುವ ಈ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾದದ್ದು. ಭಾರತ ಹಾಗೂ ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದಲ್ಲಿ, ಒಂದರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ ಸಾವು ಕಾಲುಭಾಗದಷ್ಟು ತಗ್ಗಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಮುಗಿಯುವ ಮೊದಲೇ ನಿಲ್ಲಿಸಲಾಯಿತು. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಮುಟ್ಟಿಸುವುದು ಹೇಗೆಂದು ತೋರಿಸಿದ ಅಧ್ಯಯನ ನಡೆದದ್ದು ನಮ್ಮ ಕೊಪ್ಪಳದಲ್ಲಿ.

ನಾಲ್ಕು ವಾರದ ಹಾಲು, ಎಂಟು ವರ್ಷದ ಫಲ

ಶಿಶು ಬದುಕಿ ಮನೆಗೆ ಹೋಯಿತು, ಕಥೆ ಮುಗಿಯಿತು ಎಂದು ಒಂದು ಕಾಲದಲ್ಲಿ ವೈದ್ಯಲೋಕ ಭಾವಿಸಿತ್ತು. ಆ ಭಾವನೆಯನ್ನು ಬದಲಿಸಿದವರಲ್ಲಿ ಇದೇ ಅಲನ್ ಲೂಕಸ್ ಪ್ರಮುಖರು. 1982ರಿಂದ 1985ರ ನಡುವೆ 1,850 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಬೇರೆ ಬೇರೆ ಬಗೆಯ ಹಾಲು ಕೊಟ್ಟು, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿಯ ಹಾಲು ಪಡೆದಿದ್ದ ಮಕ್ಕಳು ಏಳೂವರೆ–ಎಂಟು ವರ್ಷದ ಹೊತ್ತಿಗೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸರಾಸರಿ 8.3 ಅಂಕ ಮುಂದಿದ್ದರು. ತಾಯಿಯ ಶಿಕ್ಷಣ, ಕುಟುಂಬದ ಸ್ಥಿತಿಗತಿಯ ವ್ಯತ್ಯಾಸಗಳನ್ನು ಲೆಕ್ಕ ಹಾಕಿ ತೆಗೆದ ಮೇಲೂ ಅಷ್ಟು ಅಂತರ ಉಳಿದಿತ್ತು. ಆ ಮಕ್ಕಳು ಹಾಲು ಕುಡಿದದ್ದು ನಳಿಕೆಯಲ್ಲಿ. ಹಾಗಾಗಿ ಮೊಲೆಯೂಡುವ ಕ್ರಿಯೆಯಷ್ಟೇ ಅಲ್ಲ, ಹಾಲಿನಲ್ಲೇ ಏನೋ ಇದೆ ಎಂಬ ವಾದಕ್ಕೆ ಬಲ ಬಂತು. ಸಾಧಾರಣ ಡಬ್ಬಿ ಹಾಲಿನ ಬದಲು ಪುಷ್ಟಿಯುತ ಡಬ್ಬಿ ಹಾಲನ್ನು ಸರಾಸರಿ ನಾಲ್ಕು ವಾರ ಪಡೆದ ಮಕ್ಕಳ, ಅದರಲ್ಲೂ ಗಂಡುಮಕ್ಕಳ, ಭಾಷಾ ಸಾಮರ್ಥ್ಯ ಅದೇ ವಯಸ್ಸಿನಲ್ಲಿ ಮೇಲಿತ್ತು. ಬೆಳೆಯುವ ಮಿದುಳಿಗೆ ಆ ಕೆಲವು ವಾರಗಳಲ್ಲಿ ಅರೆಹೊಟ್ಟೆಯಾದರೆ ಆಮೇಲೆ ತುಂಬಿಕೊಡುವುದು ಬಲು ಕಷ್ಟ.

ಅದೇ ಮಕ್ಕಳು ಹದಿಹರೆಯಕ್ಕೆ ಬಂದಾಗ ಇನ್ನೊಂದು ಮುಖ ಕಾಣಿಸಿತು. ಎದೆಹಾಲಿನ ಬ್ಯಾಂಕಿನ ಹಾಲು ಕುಡಿದಿದ್ದವರ ರಕ್ತದೊತ್ತಡ ಪುಷ್ಟಿಯುತ ಡಬ್ಬಿ ಹಾಲು ಕುಡಿದಿದ್ದವರಿಗಿಂತ ಕಡಿಮೆ ಇತ್ತು. ಬೇಗ ಬೇಗ ತೂಕ ಏರಿದವರಲ್ಲಿ ಇನ್ಸುಲಿನ್‌ಗೆ ಮೈ ಸ್ಪಂದಿಸದಿರುವ ಲಕ್ಷಣಗಳು ಹೆಚ್ಚಾಗಿದ್ದವು. ಮಿದುಳು ಕೇಳುವುದು ವೇಗದ ಬೆಳವಣಿಗೆ, ಹೃದಯ ಬಯಸುವುದು ಹದವಾದ ಬೆಳವಣಿಗೆ. ಈ ಎರಡರ ನಡುವಿನ ದಾರಿ ಹುಡುಕುವುದೇ ಇಂದಿನ ನವಜಾತ ಪೋಷಣಾ ವಿಜ್ಞಾನದ ದೊಡ್ಡ ಹೊಣೆ. ಎದೆಹಾಲನ್ನೇ ಆಧಾರವಾಗಿಟ್ಟುಕೊಂಡು, ಕೊರತೆಯಾದಷ್ಟನ್ನೇ ತುಂಬುವ ಕ್ರಮ ಆ ದಾರಿಗೆ ಹತ್ತಿರವಿದೆ.

ಮೈಸೂರಿನ ಮಿಷನ್ ಆಸ್ಪತ್ರೆ ಹೇಳಿದ ಸತ್ಯ

1989ರಲ್ಲಿ ಡೇವಿಡ್ ಬಾರ್ಕರ್ ಎಂಬ ಬ್ರಿಟಿಷ್ ವೈದ್ಯರು ಹರ್ಟ್‌ಫರ್ಡ್‌ಷರ್‌ನ ಹಳೆಯ ಸೂಲಗಿತ್ತಿ ದಾಖಲೆಗಳನ್ನು ಆಧರಿಸಿ ಒಂದು ಮಾತು ಹೇಳಿದರು: ಹುಟ್ಟಿದಾಗಲೂ ಒಂದು ವರ್ಷದಲ್ಲೂ ತೂಕ ಕಡಿಮೆ ಇದ್ದವರೇ ಮುಂದೆ ಹೃದಯಾಘಾತಕ್ಕೆ ಹೆಚ್ಚು ಬಲಿಯಾದರು. ಇಂಗ್ಲೆಂಡಿನ ಮಾತು ಭಾರತಕ್ಕೂ ಹೊಂದುತ್ತದೆಯೇ? ಉತ್ತರ ಮೈಸೂರಿನಲ್ಲಿತ್ತು. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬಾರ್ಕರ್ ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಹಾಗೂ ಆಸ್ಪತ್ರೆಯ ಸಂಶೋಧಕರು ಆ ಕಡತ ಹಿಡಿದು, 1934–54ರ ನಡುವೆ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ನೆಲೆಸಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು.

1996ರಲ್ಲಿ ಪ್ರಕಟವಾದ ಆ ಫಲಿತಾಂಶ ಇಡೀ ಜಗತ್ತಿನ ಗಮನ ಸೆಳೆಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ, ಏಳು ಪೌಂಡ್ ಅಥವಾ ಹೆಚ್ಚು ತೂಗಿದ್ದವರಲ್ಲಿ ಶೇ 3 ಮಾತ್ರ. ಅಂದರೆ ನಡುವಯಸ್ಸಿನಲ್ಲಿ ಎದೆನೋವೆಂದು ಬರುವ ವ್ಯಕ್ತಿಯ ಕಾಯಿಲೆಯ ಒಂದು ಬೇರು ಆತ ತಾಯಿಯ ಗರ್ಭದಲ್ಲಿದ್ದಾಗಲೇ ಇಳಿದಿತ್ತು. ಹಾಗೆಂದು ಇದನ್ನು ಹಣೆಬರಹ ಎನ್ನಬೇಕಿಲ್ಲ. ಸಣ್ಣಗೆ ಹುಟ್ಟಿದವರಲ್ಲೂ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಕಾಯಿಲೆ ಇರಲಿಲ್ಲ. ಅಪಾಯ ಹೆಚ್ಚು ಎಂದು ಮೊದಲೇ ತಿಳಿದವರು ಅದನ್ನು ತಗ್ಗಿಸಿಕೊಳ್ಳಲೂ ಬಲ್ಲರು.

ದುಂಡಗಾದರೆ ಗುಂಡಿಗೆಗೆ ಒಳ್ಳೆಯದೇ?

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ರಂಜನ್ ಯಾಜ್ಞಿಕ್ ಅವರ ತಂಡ ಇನ್ನೊಂದು ಒಗಟು ಬಿಡಿಸಿತು. ಅಲ್ಲಿನ ಹಳ್ಳಿಗಳ ಶಿಶುಗಳ ಸರಾಸರಿ ಹುಟ್ಟುತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು 3.5 ಕಿಲೋ. ನಮ್ಮ ಮಕ್ಕಳಲ್ಲಿ ಸ್ನಾಯು ಕಡಿಮೆ, ಆದರೆ ಕೊಬ್ಬು ಅಷ್ಟೇನೂ ಕಡಿಮೆಯಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. ಸಕ್ಕರೆ ಕಾಯಿಲೆಗೆ ಹೇಳಿ ಮಾಡಿಸಿದ ಮೈ ಇದು.

ದೆಹಲಿಯಲ್ಲಿ ಹುಟ್ಟಿನಿಂದಲೇ ಹಿಂಬಾಲಿಸಿದ 1,492 ಯುವಜನರ ಅಧ್ಯಯನ 2004ರಲ್ಲಿ ಬಂತು. ಮೂವತ್ತರ ಆಸುಪಾಸಿನಲ್ಲೇ ರಕ್ತದ ಸಕ್ಕರೆ ಏರಿದ್ದವರ ಬಾಲ್ಯದ ಚಿತ್ರ ಒಂದೇ ಬಗೆಯದು: ಎರಡು ವರ್ಷದವರೆಗೆ ತೆಳ್ಳಗಿದ್ದರು, ಆಮೇಲೆ ತೂಕ ಬಿರುಸಾಗಿ ಏರಿತ್ತು. ಆದರೂ ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ. ಕಣ್ಣಿಗೆ ಆರೋಗ್ಯವಂತರಂತೆಯೇ ಕಾಣುತ್ತಿದ್ದರು.

ನಮ್ಮ ಮನೆಗಳು ಇದರಿಂದ ಕಲಿಯಬೇಕಾದ ಪಾಠ ಖಚಿತವಾಗಿದೆ. ಮೊದಲ ಎರಡು ವರ್ಷ ಮಗು ಉದ್ದ ಬೆಳೆಯಬೇಕು, ಸ್ನಾಯು ತುಂಬಬೇಕು, ತಲೆ ಬೆಳೆಯಬೇಕು. ಆ ಅವಧಿಯ ಪೋಷಣೆಯಲ್ಲಿ ಜಿಪುಣತನ ಬೇಡ. ಎರಡು ವರ್ಷ ದಾಟಿದ ಮೇಲೆ 'ಸಣ್ಣಗೆ ಹುಟ್ಟಿದ್ದು, ಈಗಲಾದರೂ ದುಂಡಗಾಗಲಿ' ಎಂದು ಬಿಸ್ಕತ್ತು, ಚಿಪ್ಸ್, ಸಿಹಿ ಪಾನೀಯಗಳನ್ನು ತುಂಬುವುದು ಪ್ರೀತಿಯಿಂದಲೇ ಮಾಡುವ ಅಪಕಾರ. ತಿಂಗಳು ತುಂಬಿಯೂ ಸಣ್ಣಗೆ ಹುಟ್ಟಿದ ಮಗುವಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದಕ್ಕೆ ಸಾಮಾನ್ಯವಾಗಿ ಪುಷ್ಟಿಯ ಹುಡಿ ಬೇಡ, ಆರು ತಿಂಗಳು ಎದೆಹಾಲೇ ಸಾಕು. ಬೇಗ ಹುಟ್ಟಿದ ಅತಿ ಸಣ್ಣ ಮಗುವಿಗೆ ಆರಂಭದಲ್ಲಿ ಪುಷ್ಟಿ ಬೇಕೇ ಬೇಕು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದ ದಿನದಿಂದ ಪೋಷಕರು ಮಾಡಬೇಕಾದ ಕೆಲಸಗಳು ಕಡಿಮೆ, ಆದರೆ ಒಂದನ್ನೂ ಬಿಡುವಂತಿಲ್ಲ.

ಮೊದಲನೆಯದು, ಎದೆಹಾಲು ಮುಂದುವರಿಯಲಿ. ಸಣ್ಣ ಕೂಸು ಹಸಿವಾದರೂ ಅಳದೆ ನಿದ್ದೆ ಹೋಗಬಹುದು. ಅದು ಅಳಲಿ ಎಂದು ಕಾಯದೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಎಬ್ಬಿಸಿ ಕುಡಿಸಬೇಕು.

ಎರಡನೆಯದು, ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಹನಿ ಮತ್ತು ದಿನಕ್ಕೆ 400 ಐಯು ಡಿ ಜೀವಸತ್ವ. ಮಲ ಕಪ್ಪಾಯಿತೆಂದು ಹೆದರಿ ಕಬ್ಬಿಣದ ಹನಿ ನಿಲ್ಲಿಸುವವರು ಬಹಳ. ಅದು ಸಹಜ. ಖಾಲಿ ಉಗ್ರಾಣದೊಂದಿಗೆ ಬಂದ ಮಗುವಿಗೆ ಕಬ್ಬಿಣವಿಲ್ಲದಿದ್ದರೆ ರಕ್ತ ಮಾತ್ರವಲ್ಲ, ಮಿದುಳೂ ಸೊರಗುತ್ತದೆ.

ಮೂರನೆಯದು, ವಯಸ್ಸಿನ ಲೆಕ್ಕ. ಎಂಟು ವಾರ ಮೊದಲೇ ಹುಟ್ಟಿದ ಮಗುವಿಗೆ ಕ್ಯಾಲೆಂಡರಿನಲ್ಲಿ ಆರು ತಿಂಗಳಾದಾಗ ಅದರ ತಿದ್ದಿದ ವಯಸ್ಸು ಸುಮಾರು ನಾಲ್ಕು ತಿಂಗಳು. ಕತ್ತು ನಿಲ್ಲುವುದು, ಮಗುಚುವುದು, ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕುವುದು ಎಲ್ಲವನ್ನೂ ಈ ವಯಸ್ಸಿನಲ್ಲೇ ನೋಡಬೇಕು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ತಾಯಿಯನ್ನು ಹಳಿಯುವುದನ್ನು ಎಲ್ಲರೂ ನಿಲ್ಲಿಸಬೇಕು. ಮೇಲಾಹಾರ ಯಾವಾಗ ಆರಂಭಿಸಬೇಕೆಂಬುದನ್ನು ಶಿಶುತಜ್ಞರನ್ನೇ ಕೇಳಿ. ಆರಂಭಿಸಿದಾಗ ರಾಗಿ ಸರಿ ಒಳ್ಳೆಯದೇ, ಆದರೆ ನೀರಾಗಿ ಕದಡಿದ ಸರಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚದಿಂದ ಜಾರದಷ್ಟು ಗಟ್ಟಿಯಿರಲಿ. ಬೇಳೆ, ಮೊಟ್ಟೆ, ಸೊಪ್ಪು, ಒಂದಿಷ್ಟು ತುಪ್ಪ ಸೇರಲಿ.

ನಾಲ್ಕನೆಯದು, ಭೇಟಿಗಳು. ಆಶಾ ಕಾರ್ಯಕರ್ತೆಯರು ಮೊದಲ ಆರು ವಾರಗಳಲ್ಲಿ ಹಲವು ಬಾರಿ, ಆಮೇಲೆ ಮೂರು ತಿಂಗಳಿಗೊಮ್ಮೆ ಹದಿನೈದು ತಿಂಗಳವರೆಗೆ ಮನೆಗೆ ಬರುವ ವ್ಯವಸ್ಥೆಯಿದೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸದೆ ಮಗುವಿನ ತೂಕ ಹಾಕಿಸಿ. ಹುಟ್ಟುತೂಕದ ಚೀಟಿಯನ್ನು ಕಾಪಾಡಿ. ಮಗು ದೊಡ್ಡದಾಗಿ ವೈದ್ಯರ ಮುಂದೆ ಕುಳಿತಾಗ 'ನಾನು ಹುಟ್ಟಿದಾಗ ಇಷ್ಟು ತೂಕವಿದ್ದೆ' ಎಂದು ಹೇಳುವಂತಿರಲಿ. ಅಂಥವರ ರಕ್ತದೊತ್ತಡ, ಸಕ್ಕರೆಯನ್ನು ಬೇರೆಯವರಿಗಿಂತ ಬೇಗನೇ ಪರೀಕ್ಷಿಸುವುದು ಜಾಣತನ.

ಮಗುವಿನ ಊಟ ತಾಯಿಯ ತಟ್ಟೆಯಿಂದ

ಮೈಸೂರಿನ ಅದೇ ಅಧ್ಯಯನದಲ್ಲಿ ಇನ್ನೂ ಒಂದು ಅಂಕಿ ಇತ್ತು. ಹೃದಯದ ಕಾಯಿಲೆ ಎಲ್ಲರಿಗಿಂತ ಹೆಚ್ಚು, ಶೇ 20ರಷ್ಟು, ಕಂಡದ್ದು ತಾವೂ ಸಣ್ಣಗೆ ಹುಟ್ಟಿ, ತಾಯಿಯೂ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ತೂಗಿದ್ದವರಲ್ಲಿ. ಆ ಹೆಂಗಸರು ಉಣ್ಣದೆ ಉಳಿದ ತುತ್ತಿನ ಬೆಲೆಯನ್ನು ಅವರ ಮಕ್ಕಳು ಅರ್ಧ ಶತಮಾನದ ನಂತರ ತೆತ್ತರು.

ಇಂದಿಗೂ ಬಸುರಿ ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಊಟ ತಗ್ಗಿಸುವ ಮನೆಗಳಿವೆ. ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಡದೆ ಪಥ್ಯ ಮಾಡಿಸುವ ಮನೆಗಳೂ ಇವೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಸೊಸೆ ಇನ್ನೂ ನಮ್ಮ ಅಡುಗೆಮನೆಯಲ್ಲಿದ್ದಾಳೆ. ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆಯನ್ನು ರಾಜ್ಯ 2017ರ ಅಕ್ಟೋಬರ್ 2ರಂದು ಆರಂಭಿಸಿದ್ದು ಈ ಕಾರಣಕ್ಕೇ. ಆ ಊಟವನ್ನು ಬಡವರ ದಾನ ಎಂದು ನೋಡದೆ, ನಾಳಿನ ಹೃದಯರೋಗಿಗಳನ್ನು ಇಂದೇ ಕಡಿಮೆ ಮಾಡುವ ಚಿಕಿತ್ಸೆ ಎಂದು ನಾವು ನೋಡಬೇಕು.

ಕೋಟಿಗಟ್ಟಲೆ ಖರ್ಚಿನ ಹೃದ್ರೋಗ ಆಸ್ಪತ್ರೆಗಳು ಬರಲಿ, ಬೇಡವೆನ್ನುವುದಿಲ್ಲ. ಅವುಗಳ ಜೊತೆಗೆ ಪ್ರತಿ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಮಗುವಿನ ಪಕ್ಕದಲ್ಲೇ ತಾಯಿಗೊಂದು ಹಾಸಿಗೆ, ಹಾಲು ಹಿಂಡಿಕೊಳ್ಳಲು ಒಂದು ಕೋಣೆ, ಅದನ್ನು ಕಲಿಸಿಕೊಡುವ ಒಬ್ಬ ದಾದಿ, ಕೈಗೆಟಕುವ ದೂರದಲ್ಲಿ ಒಂದು ಎದೆಹಾಲಿನ ಬ್ಯಾಂಕ್ ಇರಬೇಕು. ಹಸುಳೆಯ ಹೊಟ್ಟೆಗೆ ಹೋಗುವ ಹದಿನಾರು ಮಿಲಿಲೀಟರ್ ಹಾಲಿಗೆ ಬೇಕಾದ ಏರ್ಪಾಡು ಇಷ್ಟೇ. ಇದನ್ನು ಮಾಡಿಕೊಡುವ ಶಕ್ತಿ ನಮ್ಮ ರಾಜ್ಯಕ್ಕಿದೆ. ಕೇಳುವ ಹಕ್ಕು ಪ್ರತಿ ತಾಯಿಗೂ ಇದೆ.